ನೋಟಿಸ್ ಬಂದಿಲ್ಲ, ನಿದ್ದೆ ಮಾತ್ರ ಹೋಗಿದೆ

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಮಾಡಿ ಮಾರುತ್ತೇನೆ. ಸೇಡಂ ರಸ್ತೆಯ ಕೆಲವು ಹಾಸ್ಟೆಲುಗಳು, ಖಾನಾವಳಿಗಳು ಕಾಯಂ ಗಿರಾಕಿಗಳು. ತಿಂಗಳಿಗೆ ಸುಮಾರು 1.6 ಲಕ್ಷ ರೂಪಾಯಿ ಮೊಬೈಲಿಗೇ ಬರುತ್ತದೆ, ಇಪ್ಪತ್ತು ಸಾವಿರದಷ್ಟು ನಗದು. ಚೀಟಿ ಹಣ, ಯಜಮಾನರು ಮನೆಖರ್ಚಿಗೆ ಹಾಕುವ ಹಣವೂ ಅದೇ ನಂಬರಿಗೆ ಬರುತ್ತದೆ. 2025ರ ಜುಲೈಯಲ್ಲಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಸುದ್ದಿ ನೋಡಿದ ಮೇಲೆ ಮನಸ್ಸು ನೆಟ್ಟಗಿಲ್ಲ. ರಾತ್ರಿ ಎರಡಕ್ಕೆ ಎದ್ದು ಮೊಬೈಲಿನಲ್ಲಿ ಜಮಾ ನೋಡುತ್ತ ಕೂರುತ್ತೇನೆ. ಯಜಮಾನರು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು. ಊಟಕ್ಕೆ ಕುಳಿತರೆ ಟಿವಿ ಚರ್ಚೆ ಬೇಕೇ ಬೇಕು. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೂ ಅವರಿಗೂ ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ರಾಜ್ಯದ ತೆರಿಗೆ ಪಾಲಿನ ವಿಷಯಕ್ಕೆ ಜಗಳವಾಗಿ, ಈ ಸಲ ದೀಪಾವಳಿಗೆ ತಮ್ಮ ಬರಲೇ ಇಲ್ಲ. ಕ್ಯೂಆರ್ ಚೀಟಿ ಕಿತ್ತುಹಾಕಲೇ? ಇಂಜಿನಿಯರಿಂಗ್ ಓದುವ ಮಗನ ಖಾತೆಗೆ ಹಣ ಹಾಕಿಸಿಕೊಳ್ಳಲೇ? ವ್ಯಾಪಾರವನ್ನೇ ನಿಲ್ಲಿಸಲೇ? ಸೊಲ್ಲಾಪುರದಿಂದ ರೊಟ್ಟಿ, ಹಿಂಡಿಗೆ ದೊಡ್ಡ ಆರ್ಡರ್ ಬಂದಿದೆ. ಒಪ್ಪಿಕೊಳ್ಳಲು ಧೈರ್ಯ ಸಾಲದು.

ಉತ್ತರ: ನಿಮ್ಮ ಪತ್ರದಲ್ಲಿ ತೆರಿಗೆಯ ಪ್ರಶ್ನೆ ಇರುವುದು ಕಾಲು ಭಾಗ. ಮಿಕ್ಕದ್ದೆಲ್ಲ ಊಟದ ಹೊತ್ತಿನ ಟಿವಿ, ಮುನಿಸಿಕೊಂಡ ತಮ್ಮ, ನಡುರಾತ್ರಿಯ ಲೆಕ್ಕ. ನಾನು ತೆರಿಗೆ ಸಲಹೆಗಾರ, ಮನೋವೈದ್ಯನಲ್ಲ. ಆದರೂ ಈ ಊರಿನ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುತ್ತ ಬಂದವನಾಗಿ ಒಂದು ಮಾತು ಹೇಳಬಲ್ಲೆ. ತೆರಿಗೆ ಕಟ್ಟಿ ಕೆಟ್ಟವರನ್ನು ನಾನು ಅಷ್ಟಾಗಿ ಕಂಡಿಲ್ಲ; ತೆರಿಗೆಗೆ ಹೆದರಿ ಅವಸರದ ತೀರ್ಮಾನ ಮಾಡಿ ಕೈಸುಟ್ಟುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ನೀವು ಕೇಳಿರುವ ಮೂರು ‘ಲೇ’ಗಳೂ ಅಂಥ ತೀರ್ಮಾನಗಳೇ.

ಮೊದಲು ನಿಮ್ಮ ಲೆಕ್ಕ ಮುಗಿಸೋಣ, ಅದು ಚಿಕ್ಕದು. ಮೊಬೈಲಿಗೆ ಬಂದದ್ದು, ನಗದು ಎಲ್ಲ ಸೇರಿ ವರ್ಷಕ್ಕೆ ಇಪ್ಪತ್ತೊಂದೂವರೆ ಲಕ್ಷದ ಆಸುಪಾಸು. ಅದರಲ್ಲಿ ಚೀಟಿ ಹಣವನ್ನೂ ಯಜಮಾನರ ಹಣವನ್ನೂ ಕಳೆಯಬೇಕು, ಅವು ವಹಿವಾಟಲ್ಲ. ಕರ್ನಾಟಕದಲ್ಲಿ ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ಒಟ್ಟು ವಹಿವಾಟು 40 ಲಕ್ಷ ರೂಪಾಯಿ ದಾಟಿದಾಗ. ಸೇವೆಗಾದರೆ ಆ ಮಿತಿ 20 ಲಕ್ಷ. ನೀವು ರೊಟ್ಟಿ ಮಾಡಿ ಕಟ್ಟಿ ಕಳುಹಿಸುತ್ತೀರಿ, ಕೂರಿಸಿ ಬಡಿಸುವುದಿಲ್ಲ. ಆದ್ದರಿಂದ ನಿಮ್ಮದು ಸರಕು, ನಿಮಗೆ 40 ಲಕ್ಷದ ಮಿತಿ. ನೀವು ಅದರ ಅರ್ಧದ ಹತ್ತಿರ ಇದ್ದೀರಿ. ಊರೊಳಗಿನ ವ್ಯಾಪಾರದ ಮಟ್ಟಿಗೆ ಜಿಎಸ್‌ಟಿಯ ಮಾತು ಇಲ್ಲಿಗೆ ಮುಗಿಯಿತು.

ರೊಟ್ಟಿಯ ವಿಷಯದಲ್ಲಿ ಇನ್ನೊಂದು ಸಮಾಧಾನವಿದೆ. 2025ರ ಸೆಪ್ಟೆಂಬರ್ 22ರವರೆಗೆ ರೊಟ್ಟಿ, ಚಪಾತಿಗಳ ಮೇಲೆ ಶೇಕಡಾ 5ರ ಜಿಎಸ್‌ಟಿ ಇತ್ತು. ಅಂದಿನಿಂದ ಯಾವ ಹೆಸರಿನಿಂದ ಕರೆದರೂ ಸರಿ, ರೊಟ್ಟಿ ಜಾತಿಯ ತಿನಿಸಿಗೆಲ್ಲ ತೆರಿಗೆ ಸೊನ್ನೆ. ಹಿಂಡಿ ಮಾತ್ರ ಚಟ್ನಿ ಪುಡಿಯ ಸಾಲಿಗೆ ಸೇರಿ ಶೇಕಡಾ 5ರಲ್ಲೇ ಉಳಿದಿದೆ. ಇಲ್ಲಿ ಬಹಳ ಜನ ಎಡವುವ ಒಂದು ಕಡೆ ಇದೆ, ನೆನಪಿಡಿ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಇರುವ ಒಂದು ಸರಕು ಜೊತೆಗೆ ಸೇರಿತೆಂದರೆ 40 ಲಕ್ಷದ ಲೆಕ್ಕಕ್ಕೆ ಎರಡನ್ನೂ ಕೂಡಿಸಬೇಕು. ನಿಮ್ಮ ರೊಟ್ಟಿ ವ್ಯಾಪಾರ ನಾಳೆ ಮೂವತ್ತೆಂಟು ಲಕ್ಷಕ್ಕೆ ಏರಿ, ಹಿಂಡಿ ಮೂರು ಲಕ್ಷಕ್ಕೆ ಬಂದರೆ ಆಗ ನೋಂದಣಿ ಕಡ್ಡಾಯ.

ಹಾಗಾದರೆ ಜುಲೈಯಲ್ಲಿ ಆದದ್ದೇನು? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡುವ ಕಂಪನಿಗಳಿಂದ 2021-22ರಿಂದ ನಾಲ್ಕು ವರ್ಷಗಳ ಜಮಾ ವಿವರ ತರಿಸಿಕೊಂಡಿತು. ಮಿತಿ ಮೀರಿ ಹಣ ಬಂದಿದ್ದ, ನೋಂದಣಿ ಇಲ್ಲದ ವ್ಯಾಪಾರಿಗಳನ್ನು ಸೋಸಿ ನೋಟಿಸ್ ಕಳುಹಿಸಿತು. ಯಂತ್ರಕ್ಕೆ ಕಂಡದ್ದು ಎಷ್ಟು ಹಣ ಬಂತು ಎಂಬುದಷ್ಟೇ. ಏನು ಮಾರಿ ಬಂತು ಎಂಬುದು ಅದಕ್ಕೆ ಕಾಣಲಿಲ್ಲ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಹೋದದ್ದು ಹೀಗೆ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ, ಆದರೆ ನಾಲ್ಕು ವರ್ಷದಲ್ಲಿ ಅವರ ಖಾತೆಗೆ ಬಂದ 1.63 ಕೋಟಿ ಮಾತ್ರ ಕಡತದಲ್ಲಿತ್ತು. ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಹಲಗೆಗಳು ಎದ್ದವು, ಬಂದ್‌ಗೆ ಕರೆಯೂ ಬಂತು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಈ ಕಡೆಯ ಭಾಗ ನಿಮಗೆ ಗೊತ್ತಿತ್ತೇ? ನನ್ನ ಬಳಿ ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನೋಟಿಸ್ ಬಂದದ್ದು ವಾರಗಟ್ಟಲೆ ಟಿವಿಯಲ್ಲಿ ಓಡಿತು, ಇತ್ಯರ್ಥವಾದದ್ದು ಒಂದು ಸಂಜೆ ಬಂದು ಹೋಯಿತು.

ನಿಮ್ಮ ನಿದ್ದೆ ಕೆಡಿಸಿರುವ ಮೂಲ ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ತೆರಿಗೆಯ ಯಾವ ಸುದ್ದಿಯೂ ಒಂದೇ ಸಲಕ್ಕೆ ಹುಟ್ಟುವುದಿಲ್ಲ. ಯಾರೋ ಪ್ರಸ್ತಾಪಿಸುತ್ತಾರೆ, ಜಿಎಸ್‌ಟಿಯಾದರೆ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡುತ್ತದೆ, ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ, ಆಮೇಲೆ ಒಂದು ತಾರೀಖಿನಿಂದ ಜಾರಿಗೆ ಬರುತ್ತದೆ. ಸೆಪ್ಟೆಂಬರ್ ತಿಂಗಳ ಜಿಎಸ್‌ಟಿ ಇಳಿಕೆಯನ್ನೇ ನೋಡಿ. ಮಂಡಳಿ ಸಭೆ ಸೇರಿದ್ದು 3ರಂದು, ಜಾರಿಯಾದದ್ದು 22ರಂದು. ಹೊಸ ಆದಾಯ ತೆರಿಗೆ ಕಾಯ್ದೆಗೆ 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ಜಾರಿಯ ದಿನ 2026ರ ಏಪ್ರಿಲ್ 1. ಟಿವಿಗೆ ಈ ನಾಲ್ಕೂ ಹಂತಗಳು ಒಂದೇ. ಪ್ರತಿ ಹಂತದಲ್ಲೂ ‘ಜನಸಾಮಾನ್ಯರಿಗೆ ಬರೆ’ ಎಂಬ ಕೆಂಪು ಪಟ್ಟಿ ಓಡುತ್ತದೆ. ಕೆಲವು ಸುದ್ದಿಗಳು ಮೊದಲ ಹಂತವನ್ನೂ ಮುಟ್ಟಿರುವುದಿಲ್ಲ. 2,000 ರೂಪಾಯಿ ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಎಂಬುದು ಅಂಥದ್ದು. ಅಂಥ ಪ್ರಸ್ತಾವವೇ ಇಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್‌ನಲ್ಲೇ ಹೇಳಿತು. ಅದು ಇಂದಿಗೂ ಫಾರ್ವರ್ಡ್ ಆಗುತ್ತಲೇ ಇದೆ.

ಸೂಪರ್ ಮಾರ್ಕೆಟ್ ಕಡೆಯ ಹಿರಿಯ ಬಟ್ಟೆ ವ್ಯಾಪಾರಿಯೊಬ್ಬರು ಇಂಥದೊಂದು ಸಂದೇಶವನ್ನು ಮುದ್ರಿಸಿ, ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನನ್ನ ಬಳಿಗೆ ಬಂದಿದ್ದರು. ಮೂರು ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ‘ನಾಳೆಯಿಂದ ಜಾರಿ’ ಎಂದು ದಪ್ಪಕ್ಷರದಲ್ಲಿತ್ತು. ಯಾವ ದಿನದ ನಾಳೆ ಎಂದು ಕೇಳಿದೆ. ಅವರು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಎಲ್ಲೂ ತಾರೀಖಿರಲಿಲ್ಲ, ಸಹಿ ಇರಲಿಲ್ಲ, ಇಲಾಖೆಯ ಹೆಸರೂ ಇರಲಿಲ್ಲ. ಅಂದಿನಿಂದ ಬಂದವರಿಗೆಲ್ಲ ಎರಡೇ ಪ್ರಶ್ನೆ ಹೇಳಿಕೊಡುತ್ತೇನೆ. ಇದರಲ್ಲಿ ನನ್ನ ಹೆಸರಿದೆಯೇ? ಜಾರಿಯ ತಾರೀಖಿದೆಯೇ? ಎರಡಕ್ಕೂ ಇಲ್ಲ ಎಂದಾದರೆ ಅದು ಓದಬಹುದಾದ ಸುದ್ದಿ, ಚರ್ಚಿಸಬಹುದಾದ ಸುದ್ದಿ. ಅದಕ್ಕಾಗಿ ಅಂಗಡಿಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ತಾರೀಖು ಇದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೆಸರು ಇದ್ದರೆ ಸಲಹೆಗಾರರ ಬಳಿಗೆ ಹೋಗಿ.

ಹೆಸರಿರುವ ಪತ್ರ ಬಂದರೂ ಗಾಬರಿ ಬೇಡ. ನೋಟಿಸ್ ಎಂದರೆ ವಿವರಣೆ ಕೊಡಿ ಎಂಬ ಕರೆ, ದಂಡದ ಆದೇಶವಲ್ಲ. ಉತ್ತರಕ್ಕೆ ಗಡುವು ಇರುತ್ತದೆ, ಗಡುವಿನೊಳಗೆ ಉತ್ತರಿಸದಿದ್ದರೆ ಮಾತ್ರ ಕಷ್ಟ. ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ 2019ರ ಅಕ್ಟೋಬರ್‌ನಿಂದ ಗುರುತಿನ ಸಂಖ್ಯೆ ಕಡ್ಡಾಯ. ಅದು ಅಸಲಿಯೋ ನಕಲಿಯೋ ಎಂದು ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಫೋನ್ ಮಾಡಿ, ವಿಡಿಯೊ ಕರೆಯಲ್ಲಿ ಕೂರಿಸಿ, ‘ಈಗಲೇ ಕಟ್ಟದಿದ್ದರೆ ಡಿಜಿಟಲ್ ಅರೆಸ್ಟ್’ ಎನ್ನುವವನು ಅಧಿಕಾರಿಯಲ್ಲ, ಕಳ್ಳ. ಸುದ್ದಿಗೆ ಹೆದರಿದವರೇ ಅವನ ಗಿರಾಕಿಗಳು. ಅಂಥ ಕರೆ ಬಂದರೆ ಕತ್ತರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಇನ್ನು ನೀವು ಯೋಚಿಸಿರುವ ದಾರಿಗಳು. ಕ್ಯೂಆರ್ ಕಿತ್ತುಹಾಕಿದರೆ ಏನಾಗುತ್ತದೆ? ತೆರಿಗೆಯ ದೃಷ್ಟಿಯಿಂದ ಏನೂ ಆಗುವುದಿಲ್ಲ. ವಹಿವಾಟು ಎಂದರೆ ನಗದೂ ಸೇರಿದ ವಹಿವಾಟು. ನಷ್ಟ ಮಾತ್ರ ಬೇರೆ ಕಡೆಯಿಂದ ಬರುತ್ತದೆ. ಉಳಿತಾಯ ಖಾತೆಗೆ ಒಂದು ವರ್ಷದಲ್ಲಿ 10 ಲಕ್ಷ ರೂಪಾಯಿ ನಗದು ಜಮಾ ಆದರೆ ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಲೇಬೇಕು. ಒಂದು ಪಟ್ಟಿಯಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಪಟ್ಟಿಗೆ ಸೇರುತ್ತೀರಿ. ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸಣ್ಣ ವ್ಯಾಪಾರಿಗಳು ಪುಸ್ತಕಗಟ್ಟಲೆ ಲೆಕ್ಕ ಇಡದೆ ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ತೋರಿಸುವ ಪದ್ಧತಿ ಆದಾಯ ತೆರಿಗೆಯಲ್ಲಿದೆ. ನಗದಿನ ವಹಿವಾಟಿಗೆ ಆ ಪಾಲು ಶೇಕಡಾ 8, ಮೊಬೈಲಿನಲ್ಲಿ ಬಂದದ್ದಕ್ಕೆ ಶೇಕಡಾ 6. ಅಂದರೆ ನೀವು ಕಿತ್ತುಹಾಕಲು ಹೊರಟಿರುವ ಆ ಚೀಟಿ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತಿದೆ. ಇದು ಕನಿಷ್ಠ ಪಾಲು; ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ತೋರಿಸಿದರೂ ನಿಮಗೆ ಭಾರವಿಲ್ಲ. 2025-26ರಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸುವುದು ಮಾತ್ರ ತಪ್ಪದು. ‘ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಬೇಡ’ ಎಂಬುದು ಈಚೆಗೆ ಹುಟ್ಟಿದ ತಪ್ಪು ತಿಳಿವಳಿಕೆ. ಯಜಮಾನರ ಸಂಬಳವನ್ನೂ ನಿಮ್ಮ ಆದಾಯವನ್ನೂ ಕೂಡಿಸುತ್ತಾರೆ ಎಂಬುದೂ ಸುಳ್ಳು, ಇಬ್ಬರದೂ ಬೇರೆ ಬೇರೆ ಲೆಕ್ಕ.

ಮಗನ ಖಾತೆಯ ವಿಚಾರವನ್ನು ಇಲ್ಲಿಗೇ ಬಿಟ್ಟುಬಿಡಿ. ನಿಮ್ಮ ಮೂರೂ ಯೋಚನೆಗಳಲ್ಲಿ ಇದೇ ಅಪಾಯದ್ದು. ದುಡಿದವರು ನೀವು, ಹಣ ಯಾರ ಖಾತೆಗೆ ಬಂದರೂ ಆದಾಯ ನಿಮ್ಮದೇ. ಇಂದು ನಿಮ್ಮ ಲೆಕ್ಕದಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಮಗನ ಖಾತೆಗೆ ತಿರುಗಿಸಿದ ದಿನ ಬಚ್ಚಿಟ್ಟಂತೆ ಕಾಣತೊಡಗುತ್ತದೆ, ಪರೀಕ್ಷೆಗೆ ಓದಬೇಕಾದ ಹುಡುಗ ವಿವರಣೆ ಬರೆಯಬೇಕಾಗುತ್ತದೆ. ಅದರ ಬದಲು ನಿಮ್ಮ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು ಕ್ಯೂಆರ್ ಅನ್ನು ಅದಕ್ಕೆ ಜೋಡಿಸಿ. ಚೀಟಿ, ಮನೆಖರ್ಚು ಹಳೆಯದರಲ್ಲಿ ಇರಲಿ. ನಗದಿಗೆ ಒಂದು ಸಾಲುಪುಸ್ತಕ ಸಾಕು. ನಿಮ್ಮ ನಡುರಾತ್ರಿಯ ಲೆಕ್ಕಕ್ಕೆ ಅರ್ಧ ಕಾರಣ ಆ ಒಂದೇ ನಂಬರಿನಲ್ಲಿ ಎಲ್ಲವೂ ಕಲಸಿಕೊಂಡಿರುವುದು.

ವ್ಯಾಪಾರ ನಿಲ್ಲಿಸುವ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಈ ಜಿಲ್ಲೆಯ ಆಡಳಿತವೇ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಬಡಿದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂದು ಹೆಸರಿಟ್ಟು ಮಾರುಕಟ್ಟೆ ಹುಡುಕುತ್ತಿರುವಾಗ, ಗಿರಾಕಿ ಇರುವ ನೀವು ಒಲೆ ಆರಿಸುವುದು ಯಾತಕ್ಕೆ? ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಜಿಎಸ್‌ಟಿಯ ಗದ್ದಲದಲ್ಲಿ ಅದನ್ನು ಮರೆತವರೇ ಹೆಚ್ಚು.

ಈಗ ನಿಮ್ಮ ಮನೆಯ ಜಗಳಕ್ಕೆ ಬರುತ್ತೇನೆ. ಸುದ್ದಿ ನೋಡುವುದನ್ನೇ ಬಿಡಿ ಎಂದು ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಸುದ್ದಿಗೆ ಕಿವಿಗೊಡದೆ, ತಮ್ಮ ಪಾಡಿಗೆ ತಾವಿರುವ ಜನರಿಂದ ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬರುತ್ತಿರಲಿಲ್ಲ. ದಶಕಗಳ ಕಾಲ ಕೇಳುತ್ತಲೇ ಇದ್ದವರಿಂದ ಬಂತು. ತೆರಿಗೆ ಪಾಲಿನ ಚರ್ಚೆ ಪೊಳ್ಳು ಚರ್ಚೆಯೂ ಅಲ್ಲ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇಕಡಾ 4.713 ಇತ್ತು, 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. 2024ರ ಫೆಬ್ರುವರಿಯಲ್ಲಿ ರಾಜ್ಯದ ಸಚಿವ ಸಂಪುಟವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದು ಇದಕ್ಕೇ. ಇಳಿಕೆಗೆ ದೊಡ್ಡ ಕಾರಣ ಹಂಚಿಕೆಯ ಸೂತ್ರ. 15ನೇ ಆಯೋಗದ ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕಿತ್ತು. ಸಿರಿವಂತ ರಾಜ್ಯಕ್ಕೆ ಕಡಿಮೆ, ಬಡ ರಾಜ್ಯಕ್ಕೆ ಹೆಚ್ಚು. ನಮ್ಮ ರಾಜ್ಯವನ್ನು ಸಿರಿವಂತವಾಗಿ ತೋರಿಸುವುದು ಬಹುಮಟ್ಟಿಗೆ ಬೆಂಗಳೂರು. ‘ನಾವು ದುಡಿದದ್ದು ನಮಗೇಕೆ ಸಿಗುವುದಿಲ್ಲ’ ಎಂದು ಬೆಂಗಳೂರಿನಲ್ಲಿರುವ ನಿಮ್ಮ ತಮ್ಮ ಕೇಳುವುದು ಈ ಅಂಕಿಗಳನ್ನು ನೋಡಿ ಇರಬೇಕು.

ಆದರೆ ಅದೇ ವಾದವನ್ನು ಕಲಬುರಗಿಯಲ್ಲಿ ಕುಳಿತು ಕೇಳಿ ನೋಡಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಹಿಂದುಳಿದವರಿಗೆ ಹೆಚ್ಚು ಕೊಡಬೇಕು ಎಂಬುದು ಬೆಂಗಳೂರಿನ ಮುಂದೆ ನಾವು ಇಡುವ ಬೇಡಿಕೆ. ದುಡಿದವರಿಗೆ ಹೆಚ್ಚು ಬಿಡಬೇಕು ಎಂಬುದು ದೆಹಲಿಯ ಮುಂದೆ ಬೆಂಗಳೂರು ಇಡುವ ಬೇಡಿಕೆ. ಕಲಬುರಗಿಯವರಾದ ನಾವು ಎರಡೂ ಕಡೆ ಸಹಿ ಹಾಕಿದವರು! ನಿಮ್ಮ ಯಜಮಾನರು, ತಮ್ಮ ಇಬ್ಬರೂ ಪೂರ್ತಿ ತಪ್ಪಲ್ಲ, ಇಬ್ಬರೂ ಪೂರ್ತಿ ಸರಿಯೂ ಅಲ್ಲ. ಎಷ್ಟು ಬೇಕು ಎಂಬುದರ ಹದ ಸಂಸತ್ತಿಗೂ ಸುಲಭಕ್ಕೆ ಸಿಕ್ಕಿಲ್ಲ, ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಸಿಗಲಿಲ್ಲವೆಂದು ಬೇಸರಪಡಬೇಕಿಲ್ಲ. ಆಯೋಗದ ಸೂತ್ರ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಅದಕ್ಕಾಗಿ ಈ ವರ್ಷದ ದೀಪಾವಳಿ ಹಾಳಾಯಿತು ಎಂದರೆ ಲೆಕ್ಕಿಗನಾದ ನನಗೆ ಅದು ನಷ್ಟದ ಬಾಬತ್ತಾಗಿಯೇ ಕಾಣುತ್ತದೆ.

ತಮ್ಮನಿಗೆ ನೀವೇ ಫೋನ್ ಮಾಡಿ, ಗುಂಪಿನಲ್ಲಿ ಬರೆಯಬೇಡಿ. ನಾಲ್ಕು ಜನರ ಎದುರು ಬರೆದ ಮಾತಿನಿಂದ ಹಿಂದೆ ಸರಿಯುವುದು ಯಾರಿಗೂ ಕಷ್ಟ. ಯಜಮಾನರ ಟಿವಿಗೆ ನಿಷೇಧ ಹೇರಲು ಹೋದರೆ ಇನ್ನೊಂದು ಜಗಳ. ಊಟದ ಹೊತ್ತನ್ನು ಚರ್ಚೆಯ ಹೊತ್ತಿನಿಂದ ಒಂದು ಗಂಟೆ ಹಿಂದಕ್ಕೆ ತನ್ನಿ, ಅಷ್ಟು ಸಾಕು. ಅವರು ಗಣಿತ ಬಲ್ಲವರಾದರೆ ಭಾನುವಾರ ಬೆಳಿಗ್ಗೆ ನಿಮ್ಮ ವಾರದ ಲೆಕ್ಕ ಬರೆದುಕೊಡಲು ಹೇಳಿ. ದೇಶದ ತೆರಿಗೆಯ ಬಗ್ಗೆ ಅಷ್ಟು ಕಾಳಜಿ ಇರುವವರು ಮನೆಯ ಜಮಾಖರ್ಚಿಗೆ ಒಲ್ಲೆ ಎನ್ನಲಾರರು. ಮಿಕ್ಕ ದಿನ ಜಮಾ ನೋಡುವ ಕೆಲಸ ನಿಮಗಿಲ್ಲ.

ಸುದ್ದಿಯಲ್ಲಿ ಕೆಲಸಕ್ಕೆ ಬರುವುದೂ ಇರುತ್ತದೆ. ನಿಮ್ಮ ಬಂಧುಗಳಲ್ಲಿ ತೊಗರಿ ಬೆಳೆಯುವವರಿದ್ದರೆ, 2025-26ಕ್ಕೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ, ಖರೀದಿ ಕೇಂದ್ರದಲ್ಲಿ ಹೆಸರು ಬರೆಸಲು ಕೊನೆಯ ದಿನ ಇಂಥದ್ದು ಎಂಬ ಸುದ್ದಿ ಅವರಿಗೆ ರೊಕ್ಕ. ಅಂಥದನ್ನು ಬೆಳಗಿನ ಪತ್ರಿಕೆಯಲ್ಲಿ ಓದಿದರೆ ಸಾಕು. ರಾತ್ರಿ ಒಂಬತ್ತರ ಚರ್ಚೆಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ.

ಇಷ್ಟಾದರೂ ಕೆಲವು ವಾರ ನಿದ್ದೆ ಹತ್ತದಿದ್ದರೆ, ಎದೆ ಡವಗುಟ್ಟುವುದು, ಊಟ ಸೇರದಿರುವುದು ಮುಂದುವರಿದರೆ ಅದು ನನ್ನ ಕೈಯ ಕೆಲಸವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ನಿಮ್ಮ ಸೇಡಂ ರಸ್ತೆಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು. ತೆರಿಗೆಯ ಚಿಂತೆಗೆ ಡಾಕ್ಟರೇ ಎಂದು ನಾಚಿಕೆಪಡುವವರನ್ನು ನೋಡಿದ್ದೇನೆ. ನಿದ್ದೆಗೆಟ್ಟ ಕಾರಣ ಯಾವುದಾದರೂ ನಿದ್ದೆಗೆಟ್ಟದ್ದು ನಿಜ ತಾನೆ?

ಉಳಿದದ್ದು ಸೊಲ್ಲಾಪುರದ ಆರ್ಡರ್. ಇದರಲ್ಲಿ ಮಾತ್ರ ನಿಜಕ್ಕೂ ಎಚ್ಚರ ಬೇಕು. ತೆರಿಗೆ ಇರುವ ಸರಕನ್ನು ರಾಜ್ಯದ ಗಡಿ ದಾಟಿಸಿ ಮಾರುವುದಾದರೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ, ಮೊದಲ ಡಬ್ಬಿಯಿಂದಲೇ ನೋಂದಣಿ ಬೇಕು. ರೊಟ್ಟಿಗೆ ತೆರಿಗೆ ಇಲ್ಲ, ಅದನ್ನು ಧೈರ್ಯವಾಗಿ ಕಳುಹಿಸಿ. ಹಿಂಡಿಗೆ ತೆರಿಗೆ ಇದೆ. ನೋಂದಣಿ ಮಾಡಿಸಿಕೊಂಡರೆ ಹಿಂಡಿಯನ್ನು ಸೊಲ್ಲಾಪುರಕ್ಕೂ ಹೈದರಾಬಾದಿಗೂ ಕಳುಹಿಸಬಹುದು, ಆದರೆ ಅಂದಿನಿಂದ ಊರೊಳಗೆ ಮಾರುವ ಹಿಂಡಿಗೂ ತೆರಿಗೆ ಹಾಕಬೇಕು, ವ್ಯಾಪಾರ ಇಲ್ಲದ ತಿಂಗಳಿನಲ್ಲೂ ರಿಟರ್ನ್ ಸಲ್ಲಿಸಬೇಕು. ತಡವಾದರೆ ದಿನದ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ವಹಿವಾಟಿನ ಶೇಕಡಾ 1 ಕಟ್ಟಿ ಸುಮ್ಮನಾಗುವ ರಾಜಿ ತೆರಿಗೆ ಪದ್ಧತಿ ಇದೆಯಲ್ಲ ಎಂದು ಯಾರಾದರೂ ಹೇಳಿಯಾರು. ಅದನ್ನು ಆರಿಸಿಕೊಂಡವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ಸೊಲ್ಲಾಪುರದವರು ವರ್ಷವಿಡೀ ಹಿಂಡಿ ಕೊಳ್ಳುತ್ತಾರೆಯೇ, ಇಲ್ಲ ಈ ಮದುವೆ ಹಂಗಾಮಿಗೆ ಮಾತ್ರವೇ ಎಂದು ಮೊದಲು ಕೇಳಿಕೊಳ್ಳಿ. ಹಂಗಾಮಿಗೆ ಮಾತ್ರವಾದರೆ ರೊಟ್ಟಿಯಷ್ಟನ್ನೇ ಒಪ್ಪಿಕೊಳ್ಳಿ, ಹಿಂಡಿ ಅವರಿಗೆ ಅಲ್ಲೇ ಸಿಗುತ್ತದೆ.